ಆಟ ಕಸಿದುಕೊಂಡು ಅಂಕ ಕೇಳುವ ನಾವು

(ಪೋಷಕರ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)





ಮಕ್ಕಳ ಕಲಿಕೆಯ ಬಗ್ಗೆ ಸಭೆ ಸೇರಿದಾಗಲೆಲ್ಲ ನಾವು ಚರ್ಚಿಸುವುದು ಶುಲ್ಕ, ಟ್ಯೂಷನ್, ಶಿಕ್ಷಣ ಮಾಧ್ಯಮ, ಫಲಿತಾಂಶ ಮತ್ತು ಮೊಬೈಲ್. ಇವೆಲ್ಲ ಚರ್ಚಿಸಬೇಕಾದ ವಿಷಯಗಳೇ. ಆದರೆ ಮಗುವಿನ ಕೈಕಾಲುಗಳ ಬಗ್ಗೆ, ಅದರ ಬೆವರಿನ ಬಗ್ಗೆ, ಅದು ಓಡುತ್ತದೆಯೇ ಇಲ್ಲವೇ ಎಂಬುದರ ಬಗ್ಗೆ ಯಾರೂ ಪ್ರಶ್ನೆ ಎತ್ತುವುದಿಲ್ಲ. ದೇಹ ಬೇರೆ, ಬುದ್ಧಿ ಬೇರೆ ಎಂಬುದು ನಮ್ಮ ನಂಬಿಕೆ. ಆಡಿದಷ್ಟೂ ಓದು ಹಾಳು ಎಂಬುದು ಅದಕ್ಕೆ ಸೇರಿಕೊಂಡ ಇನ್ನೊಂದು ನಂಬಿಕೆ. ಈ ಎರಡು ನಂಬಿಕೆಗಳು ಎಷ್ಟು ಸರಿ ಎಂಬುದನ್ನು ಪರಿಶೀಲಿಸುವುದಕ್ಕಾಗಿ ಇಂದಿನ ಈ ಅವಕಾಶವನ್ನು ಬಳಸಿಕೊಳ್ಳುತ್ತೇನೆ.

2006ರಲ್ಲಿ ಸಾಚಾರ್ ಸಮಿತಿಯ ವರದಿ ಹೊರಬಂದಿತು. 6ರಿಂದ 14 ವರ್ಷದ ಮುಸ್ಲಿಮ್ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಒಂದೋ ಶಾಲೆಯ ಮೆಟ್ಟಿಲನ್ನೇ ಹತ್ತಿರಲಿಲ್ಲ, ಇಲ್ಲವೇ ಅರ್ಧದಲ್ಲಿ ಶಾಲೆ ಬಿಟ್ಟಿದ್ದರು ಎಂದು ಅದು ಹೇಳಿತು. ಆ ವರದಿ ಸಮುದಾಯವನ್ನು ಬಡಿದೆಬ್ಬಿಸಿತು. ಊರೂರುಗಳಲ್ಲಿ ಶಾಲೆಗಳು ತಲೆಯೆತ್ತಿದವು. ಹೆತ್ತವರು ಹೊಟ್ಟೆ ಬಟ್ಟೆ ಕಟ್ಟಿ ಮಕ್ಕಳನ್ನು ಓದಿಸತೊಡಗಿದರು. ಇದು ಅಭಿಮಾನದ ವಿಷಯ. ಆದರೆ ಹಿಂದೆ ಬಿದ್ದವರು ಓಡಿ ಸೇರಬೇಕೆಂಬ ಆತುರದಲ್ಲಿ ನಾವು ಮಗುವನ್ನು ಬೆಂಚಿಗೆ ಕಟ್ಟಿಹಾಕಿಬಿಟ್ಟೆವೇ ಎಂಬ ಪ್ರಶ್ನೆಯನ್ನು ಇಂದು ಕೇಳಿಕೊಳ್ಳಲೇಬೇಕಾಗಿದೆ.

ಒಂದು ದಿನದ ಲೆಕ್ಕ

ನಮ್ಮ ಪಟ್ಟಣಗಳ ಹನ್ನೆರಡು ವರ್ಷದ ಒಂದು ಮಗುವಿನ ದಿನಚರಿಯನ್ನು ತೆಗೆದುಕೊಳ್ಳಿ. ಮುಂಜಾನೆ ಎದ್ದು ಮದ್ರಸ. ಅಲ್ಲಿ ಕುಳಿತು ಪಾಠ. ಅಲ್ಲಿಂದ ಓಡೋಡಿ ಬಂದು ತಿಂಡಿ ತಿಂದು ಶಾಲೆಯ ವಾಹನ. ಅಲ್ಲೂ ಕುಳಿತೇ ಪ್ರಯಾಣ. ಸಂಜೆಯವರೆಗೆ ತರಗತಿ. ಬಳಿಕ ಟ್ಯೂಷನ್. ಮನೆಗೆ ಬಂದರೆ ಹೋಂವರ್ಕ್. ಅದು ಮುಗಿದರೆ ಮೊಬೈಲ್. ಎಚ್ಚರವಿರುವ ಹದಿನಾಲ್ಕು ಹದಿನೈದು ತಾಸುಗಳಲ್ಲಿ ಮಗು ಏದುಸಿರು ಬಿಡುವಂತೆ ಓಡಿದ್ದು ಎಷ್ಟು ನಿಮಿಷ? ಹೆಚ್ಚಿನ ಮನೆಗಳಲ್ಲಿ ಉತ್ತರ ಮುಜುಗರ ತರುವಂಥದ್ದು.

ಹಿಂದೆ ಹೀಗಿರಲಿಲ್ಲ. ಅಸರ್ ನಮಾಝಿನಿಂದ ಮಗ್ರಿಬ್‌ವರೆಗಿನ ಹೊತ್ತು ಮಕ್ಕಳ ಹಕ್ಕಾಗಿತ್ತು. ಲಗೋರಿ, ಕುಂಟಾಬಿಲ್ಲೆ, ಕಬಡ್ಡಿ, ಚೆಂಡಾಟ ಎಲ್ಲವೂ ಆ ಹೊತ್ತಿನಲ್ಲಿ ನಡೆಯುತ್ತಿದ್ದವು. ದಿನವಿಡೀ ಕಂಠಪಾಠ ಮಾಡುವ ದೀನೀ ವಿದ್ಯಾಲಯಗಳಲ್ಲಿಯೂ ಆ ಹೊತ್ತನ್ನು ಬಿಡುವಿಗೆ ಮೀಸಲಿಡುವ ಪದ್ಧತಿಯಿದೆ. ಆ ಪದ್ಧತಿಯಲ್ಲಿದ್ದ ವಿವೇಕವನ್ನು ನಾವು ಟ್ಯೂಷನ್ನಿನ ಗಡಿಬಿಡಿಯಲ್ಲಿ ಕಳೆದುಕೊಂಡೆವು.

ಇದು ನಮ್ಮೊಬ್ಬರ ಸಮಸ್ಯೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 146 ರಾಷ್ಟ್ರಗಳ 11ರಿಂದ 17 ವರ್ಷದ ವಿದ್ಯಾರ್ಥಿಗಳ ಮಾಹಿತಿಯನ್ನು ಕಲೆಹಾಕಿ 2019ರಲ್ಲಿ ಪ್ರಕಟಿಸಿತು. 2016ರ ಸ್ಥಿತಿಯನ್ನು ತಿಳಿಸುವ ಆ ಅಧ್ಯಯನದ ಪ್ರಕಾರ ಶೇ. 81ರಷ್ಟು ಮಂದಿಗೆ ಅಗತ್ಯವಿರುವಷ್ಟು ದೈಹಿಕ ಚಟುವಟಿಕೆ ಇರಲಿಲ್ಲ. ಹುಡುಗರಲ್ಲಿ ಈ ಪ್ರಮಾಣ ಶೇ. 78, ಹುಡುಗಿಯರಲ್ಲಿ ಶೇ. 85. ಹಾಗಾದರೆ ಅಗತ್ಯವಿರುವುದೆಷ್ಟು? ಆ ಸಂಸ್ಥೆಯ 2020ರ ಮಾರ್ಗಸೂಚಿಯಂತೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ. ಅದರಲ್ಲಿ ವಾರಕ್ಕೆ ಕನಿಷ್ಠ ಮೂರು ದಿನವಾದರೂ ಚೆನ್ನಾಗಿ ಉಸಿರೇರುವಂತಹ ಶ್ರಮವಿರಬೇಕು.

ನೆನಪು ಎಲ್ಲಿ ಹುಟ್ಟುತ್ತದೆ?

ನಮ್ಮ ಮೆದುಳಿನ ಒಳಭಾಗದಲ್ಲಿ, ಎರಡೂ ಪಾರ್ಶ್ವಗಳಲ್ಲಿ, ಹಿಪ್ಪೊಕ್ಯಾಂಪಸ್ ಎಂಬ ಚಿಕ್ಕ ಭಾಗವೊಂದಿದೆ. ಆಕಾರ ಕಡಲಕುದುರೆಯಂತಿರುವುದರಿಂದ ಅದಕ್ಕೆ ಆ ಗ್ರೀಕ್ ಹೆಸರು. ಅದರ ಮಹತ್ವ ಜಗತ್ತಿಗೆ ತಿಳಿದದ್ದು ಒಂದು ದುರಂತದಿಂದ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬ ಯುವಕನಿಗೆ ಅಪಸ್ಮಾರದ ಕಾಟದಿಂದ ಮುಕ್ತಿ ನೀಡಲು ಶಸ್ತ್ರಚಿಕಿತ್ಸೆ ನಡೆಸಿ ಆ ಭಾಗದ ಬಹುಪಾಲನ್ನು ತೆಗೆಯಲಾಯಿತು. ರೋಗದ ಉಪಟಳ ಕಡಿಮೆಯಾಯಿತು. ಆದರೆ ಆತ ಹೊಸದೇನನ್ನೂ ನೆನಪಿಟ್ಟುಕೊಳ್ಳಲಾರದವನಾದ. ಬಾಲ್ಯದ ಸಂಗತಿಗಳು ನೆನಪಿದ್ದವು. ಸ್ವಲ್ಪ ಹೊತ್ತಿನ ಹಿಂದೆ ಮಾತನಾಡಿದವರು ಮರೆತುಹೋಗುತ್ತಿದ್ದರು. 2008ರಲ್ಲಿ ತೀರಿಕೊಳ್ಳುವವರೆಗೂ ಆತನ ಸ್ಥಿತಿ ಹಾಗೆಯೇ ಇತ್ತು. ಓದಿದ್ದು, ಕೇಳಿದ್ದು ಸ್ಥಿರವಾದ ನೆನಪಾಗಬೇಕಾದರೆ ಈ ಪುಟ್ಟ ಭಾಗದ ಮೂಲಕವೇ ಹಾದುಹೋಗಬೇಕೆಂದು ವಿಜ್ಞಾನಿಗಳು ಹೀಗೆ ಅರಿತರು.

ಈಗ ವ್ಯಾಯಾಮದ ವಿಷಯಕ್ಕೆ ಬರೋಣ. ಬೆಳೆದ ಮೆದುಳಿನಲ್ಲಿ ಹೊಸ ನರಕೋಶಗಳು ಹುಟ್ಟುವುದಿಲ್ಲವೆಂಬುದು ಬಹುಕಾಲದ ತಿಳಿವಳಿಕೆಯಾಗಿತ್ತು. 1999ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯ ವಿಜ್ಞಾನಿಗಳು ಇಲಿಗಳ ಗೂಡಿನಲ್ಲಿ ಓಡುವ ಚಕ್ರವನ್ನಿಟ್ಟು ಪರೀಕ್ಷಿಸಿದರು. ಓಡಿದ ಇಲಿಗಳ ಹಿಪ್ಪೊಕ್ಯಾಂಪಸ್‌ನಲ್ಲಿ ಹೊಸ ಕೋಶಗಳು ಹೆಚ್ಚಿದ್ದವು. ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟ ಹಲಗೆ ಎಲ್ಲಿದೆಯೆಂದು ಕಲಿಯುವ ಪರೀಕ್ಷೆಯಲ್ಲೂ ಅವು ಮುಂದಿದ್ದವು. ವ್ಯಾಯಾಮ ಮಾಡಿದಾಗ ಮೆದುಳಿಗೆ ರಕ್ತದ ಪೂರೈಕೆ ಹೆಚ್ಚುತ್ತದೆ. ಬಿ.ಡಿ.ಎನ್.ಎಫ್. ಎಂಬ ಪ್ರೋಟೀನಿನ ಪ್ರಮಾಣವೂ ಏರುತ್ತದೆ. ನರಕೋಶಗಳು ಬದುಕುಳಿಯಲು, ಪರಸ್ಪರ ಬೆಸುಗೆ ಹಾಕಿಕೊಳ್ಳಲು ಈ ಪ್ರೋಟೀನು ಬೇಕು. ಸಸಿಗೆ ಗೊಬ್ಬರವಿದ್ದಂತೆ ನರಕೋಶಕ್ಕೆ ಇದು. ಕಲಿಕೆಯೆಂದರೆ ಮೂಲತಃ ಈ ಬೆಸುಗೆಗಳು ಗಟ್ಟಿಯಾಗುವುದೇ ಆಗಿದೆ.

ಇಲಿಗೆ ಆದದ್ದು ಮನುಷ್ಯನಿಗೂ ಹಾಗೆಯೇ ಆಗಬೇಕೆಂದಿಲ್ಲ ಎಂದು ನೀವು ಹೇಳಬಹುದು. ಸರಿಯಾದ ಆಕ್ಷೇಪವೇ. ಅದಕ್ಕಾಗಿ ಮಕ್ಕಳ ಮೇಲೆ ನಡೆದ ಅಧ್ಯಯನಗಳನ್ನೇ ನೋಡೋಣ.

ಮಕ್ಕಳಲ್ಲಿ ಕಂಡದ್ದು

ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಚಾರ್ಲ್ಸ್ ಹಿಲ್‌ಮನ್ ಮತ್ತು ಅವರ ಸಂಗಡಿಗರು ಒಂಬತ್ತು ಹತ್ತು ವರ್ಷ ಪ್ರಾಯದ 20 ಮಕ್ಕಳನ್ನು ಎರಡು ಬೇರೆ ಬೇರೆ ದಿನ ಪರೀಕ್ಷೆಗೆ ಒಳಪಡಿಸಿದರು. ಒಂದು ದಿನ 20 ನಿಮಿಷ ಸುಮ್ಮನೆ ಕುಳಿತ ಬಳಿಕ ಪರೀಕ್ಷೆ. ಇನ್ನೊಂದು ದಿನ 20 ನಿಮಿಷ ಬಿರುಸಾಗಿ ನಡೆದು, ಎದೆಬಡಿತ ಸಹಜ ಸ್ಥಿತಿಗೆ ಸಮೀಪಿಸಿದ ಬಳಿಕ ಪರೀಕ್ಷೆ. ಪರದೆಯ ಮೇಲೆ ಮೂಡುವ ಸಾಲಿನಲ್ಲಿ ಅಕ್ಕಪಕ್ಕದ ಚಿಹ್ನೆಗಳಿಗೆ ಮನಸೋಲದೆ ಮಧ್ಯದ ಚಿಹ್ನೆಯನ್ನಷ್ಟೇ ಗಮನಿಸಿ ಉತ್ತರಿಸಬೇಕಿತ್ತು. ನಡೆದ ದಿನ ಮಕ್ಕಳ ಉತ್ತರಗಳು ಹೆಚ್ಚು ಸರಿಯಾಗಿದ್ದವು. ಗಮನವನ್ನು ಸೂಚಿಸುವ ಮೆದುಳಿನ ವಿದ್ಯುತ್ ಸಂಕೇತವೂ ಪ್ರಬಲವಾಗಿತ್ತು. ಓದಿ ಅರ್ಥಮಾಡಿಕೊಳ್ಳುವ ಪರೀಕ್ಷೆಯಲ್ಲೂ ಉತ್ತಮ ಅಂಕ ಬಂದಿತು. 2009ರಲ್ಲಿ ಇದು ಪ್ರಕಟವಾಯಿತು. ಗಮನಿಸಿ, ಇಲ್ಲಿ ನಡೆದದ್ದು ದೊಡ್ಡ ಕ್ರೀಡಾಕೂಟವೇನಲ್ಲ. ಕೇವಲ 20 ನಿಮಿಷದ ನಡಿಗೆ.

ಮರುವರ್ಷ ಅದೇ ವಿಶ್ವವಿದ್ಯಾನಿಲಯದಿಂದ ಇನ್ನೊಂದು ವರದಿ ಬಂದಿತು. 9 ಮತ್ತು 10 ವರ್ಷದ 49 ಮಕ್ಕಳ ಮೆದುಳಿನ ಎಂ.ಆರ್.ಐ. ಚಿತ್ರ ತೆಗೆದು ನೋಡಿದಾಗ ದೈಹಿಕವಾಗಿ ಹೆಚ್ಚು ಸಮರ್ಥರಾಗಿದ್ದ ಮಕ್ಕಳ ಹಿಪ್ಪೊಕ್ಯಾಂಪಸ್ ಉಳಿದವರದ್ದಕ್ಕಿಂತ ಸುಮಾರು ಶೇ. 12ರಷ್ಟು ದೊಡ್ಡದಾಗಿತ್ತು. ಯಾವುದು ಯಾವುದರ ಜೊತೆಗಿತ್ತು ಎಂದು ಸಂಬಂಧ ಕಲ್ಪಿಸಿ ನೆನಪಿಡುವ ಪರೀಕ್ಷೆಯಲ್ಲೂ ಅವರು ಮುಂದಿದ್ದರು. ಇತಿಹಾಸದ ಇಸವಿಯನ್ನು ಘಟನೆಯೊಂದಿಗೆ, ಸೂತ್ರವನ್ನು ಲೆಕ್ಕದೊಂದಿಗೆ ಜೋಡಿಸುವುದಕ್ಕೆ ಬೇಕಾಗಿರುವುದು ಇಂಥ ನೆನಪೇ.

ಆದರೆ ಆರೋಗ್ಯವಂತ ಮಗುವಿಗೆ ಒಳ್ಳೆಯ ಮನೆ, ಒಳ್ಳೆಯ ಆಹಾರ ಸಿಕ್ಕಿರಬಹುದು. ನೆನಪಿಗೆ ಅದೇ ಕಾರಣವಾಗಿರಬಹುದಲ್ಲ? ಈ ಸಂಶಯ ನಿವಾರಿಸಲು ಹಿಲ್‌ಮನ್ ಅವರು 7ರಿಂದ 9 ವರ್ಷದ 221 ಮಕ್ಕಳನ್ನು ಯಾವ ಆಯ್ಕೆಯೂ ಇಲ್ಲದೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಒಂಬತ್ತು ತಿಂಗಳ ಕಾಲ ಶಾಲೆ ಮುಗಿದ ಬಳಿಕ ನಿತ್ಯ ಎರಡು ತಾಸಿನ ಆಟೋಟ ಕಾರ್ಯಕ್ರಮ. ಇನ್ನೊಂದು ಗುಂಪು ತಮ್ಮ ಸರದಿಗಾಗಿ ಕಾಯುತ್ತಿತ್ತು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ ಆಡಿದ ಮಕ್ಕಳಲ್ಲಿ ಮನಸ್ಸನ್ನು ಬೇರೆಡೆ ಹರಿಯದಂತೆ ಹಿಡಿಯುವ ಹಾಗೂ ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವ ಸಾಮರ್ಥ್ಯ ಹೆಚ್ಚು ಸುಧಾರಿಸಿತ್ತು. ಕಾರ್ಯಕ್ರಮಕ್ಕೆ ಹೆಚ್ಚು ದಿನ ಹಾಜರಾದವರಿಗೆ ಹೆಚ್ಚು ಲಾಭವಾಗಿತ್ತು. ಅಮೆರಿಕದ ಜಾರ್ಜಿಯಾದಲ್ಲಿ ಅಧಿಕ ತೂಕದ 171 ಮಕ್ಕಳ ಮೇಲೆ ನಡೆದ, 2011ರಲ್ಲಿ ಪ್ರಕಟವಾದ ಅಧ್ಯಯನವೂ ಇದೇ ದಿಕ್ಕನ್ನು ತೋರಿಸಿತು. ಸುಮಾರು ಮೂರು ತಿಂಗಳು ನಿತ್ಯ ವ್ಯಾಯಾಮ ಮಾಡಿದವರು ಯೋಜಿಸಿ ಕೆಲಸ ಮಾಡುವ ಸಾಮರ್ಥ್ಯದಲ್ಲಿ ಮತ್ತು ಗಣಿತದಲ್ಲಿ ಮುಂದೆ ಬಂದರು. ವ್ಯಾಯಾಮದ ಪ್ರಮಾಣ ಹೆಚ್ಚಿದಂತೆ ಲಾಭವೂ ಹೆಚ್ಚಿತು.

ಸಮಯ ವ್ಯರ್ಥವಾಗುವುದಿಲ್ಲವೇ?

ಆಡಳಿತ ಸಮಿತಿಗಳವರು ಕೇಳುವ ಪ್ರಶ್ನೆ ಇದೇ: ವಾರಕ್ಕೆ ಇಷ್ಟೇ ಪೀರಿಯಡ್‌ಗಳಿವೆ, ಆಟಕ್ಕೆ ಕೊಟ್ಟರೆ ಗಣಿತಕ್ಕೆ ಎಲ್ಲಿಂದ ತರುವುದು?

ಕೆನಡಾದ ಕ್ಯೂಬೆಕ್ ಪ್ರಾಂತದ ತ್ರೊವಾ ರಿವಿಯೇರ್ ಎಂಬಲ್ಲಿ 1970ರ ದಶಕದಲ್ಲೇ ಇದಕ್ಕೆ ಉತ್ತರ ಹುಡುಕಲಾಗಿತ್ತು. 546 ಪ್ರಾಥಮಿಕ ಶಾಲಾ ಮಕ್ಕಳಲ್ಲಿ ಒಂದು ವಿಭಾಗಕ್ಕೆ ದಿನಕ್ಕೆ ಒಂದು ತಾಸಿನ ಹೆಚ್ಚುವರಿ ದೈಹಿಕ ಶಿಕ್ಷಣ ನೀಡಲಾಯಿತು. ಅದಕ್ಕಾಗಿ ಪಾಠದ ಸಮಯವನ್ನು ಶೇ. 13ರಿಂದ 14ರಷ್ಟು ಕಡಿತ ಮಾಡಲಾಯಿತು. ಮೊದಲ ವರ್ಷ ಅವರ ಅಂಕ ತುಸು ಹಿಂದಿತ್ತು. ಎರಡನೆಯ ತರಗತಿಯಿಂದ ಅವರು ಉಳಿದವರನ್ನು ಮೀರಿದರು. ಪಾಠದ ಸಮಯ ಕಡಿಮೆ, ಕಲಿಕೆ ಹೆಚ್ಚು!

ಸ್ವೀಡನ್ನಿನ ಮಾಲ್ಮೊ ನಗರದ ಬುಂಕೆಫ್ಲೊ ಎಂಬಲ್ಲಿ 1999ರಲ್ಲಿ ಆರಂಭವಾದ ಪ್ರಯೋಗವು ಇನ್ನಷ್ಟು ದೀರ್ಘ ಕಾಲದ್ದು. ಸಾಮಾನ್ಯ ಮಕ್ಕಳಿಗೆ ವಾರಕ್ಕೆ ಎರಡು ದೈಹಿಕ ಶಿಕ್ಷಣ ತರಗತಿಗಳಿದ್ದರೆ, ಪ್ರಯೋಗದ ಮಕ್ಕಳಿಗೆ ವಾರದ ಐದೂ ದಿನ. ದೇಹದ ಚಲನೆಯಲ್ಲಿ ಹಿಂದುಳಿದವರಿಗೆ ಇನ್ನೊಂದು ಹೆಚ್ಚುವರಿ ತರಗತಿ. ಒಂಬತ್ತು ವರ್ಷ ಅದೇ ಮಕ್ಕಳನ್ನು ಗಮನಿಸಲಾಯಿತು. ಒಂಬತ್ತನೆಯ ತರಗತಿ ಮುಗಿದಾಗ ಪ್ರೌಢ ಹಂತದ ಮುಂದಿನ ಶಿಕ್ಷಣಕ್ಕೆ ಅರ್ಹತೆ ಪಡೆದವರು ಪ್ರಯೋಗದ ಗುಂಪಿನಲ್ಲಿ ಶೇ. 96, ಇನ್ನೊಂದರಲ್ಲಿ ಶೇ. 89. ಹುಡುಗರಲ್ಲಿ ಈ ಅಂತರ ಇನ್ನೂ ಹೆಚ್ಚು: ಶೇ. 96 ಮತ್ತು ಶೇ. 83. ಗಂಡುಮಕ್ಕಳು ಓದನ್ನು ಅರ್ಧಕ್ಕೆ ಬಿಟ್ಟು ಅಂಗಡಿ, ಗ್ಯಾರೇಜುಗಳತ್ತ ಮುಖಮಾಡುತ್ತಿದ್ದಾರೆಂದು ಕೊರಗುವ ನಮಗೆ ಈ ಅಂಕಿ ಒಂದು ಪಾಠವಾಗಬೇಕು.

ಅತಿಯಾಗಿ ಹೇಳುವುದೂ ಸರಿಯಲ್ಲ

ವಿಷಯವನ್ನು ಉತ್ಪ್ರೇಕ್ಷಿಸುವುದು ನನ್ನ ಉದ್ದೇಶವಲ್ಲ. ಓಡಿದ ಮಾತ್ರಕ್ಕೆ ಪ್ರತಿಯೊಂದು ಮಗುವೂ ರ್‍ಯಾಂಕ್ ಗಳಿಸುವುದಿಲ್ಲ. ನಾರ್ವೆಯಲ್ಲಿ 2014-15ರಲ್ಲಿ 57 ಶಾಲೆಗಳ 1,129 ಮಕ್ಕಳ ಮೇಲೆ ದೊಡ್ಡ ಪ್ರಯೋಗವೊಂದು ನಡೆಯಿತು. ಅಂಗಳದಲ್ಲಿ ಓಡಾಡುತ್ತಲೇ ಪಾಠ, ತರಗತಿಯ ನಡುವೆ ಐದು ನಿಮಿಷದ ವ್ಯಾಯಾಮ, ಮನೆಗೆ ಹತ್ತು ನಿಮಿಷದ ಚಟುವಟಿಕೆ ಹೀಗೆ ಏಳು ತಿಂಗಳು. ಒಟ್ಟು ಫಲಿತಾಂಶದಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಆದರೆ ಆರಂಭದಲ್ಲಿ ಲೆಕ್ಕದಲ್ಲಿ ತೀರಾ ಹಿಂದಿದ್ದ ಮಕ್ಕಳು ಮಾತ್ರ ಗಮನಾರ್ಹವಾಗಿ ಸುಧಾರಿಸಿದ್ದರು.

2010ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಅಲ್ಲಿಯವರೆಗಿನ 50 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿತು. ಅವುಗಳಲ್ಲಿ ಪರಿಶೀಲಿಸಲಾದ ಸಂಬಂಧಗಳ ಪೈಕಿ ಅರ್ಧದಷ್ಟು ಅನುಕೂಲಕರವಾಗಿದ್ದವು. ಪ್ರತಿಕೂಲವಾದವು ಕೇವಲ ಶೇ. 1.5. ಉಳಿದವುಗಳಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅಂದರೆ ಅತ್ಯಂತ ಎಚ್ಚರಿಕೆಯಿಂದ ಹೇಳಿದರೂ ಇಷ್ಟು ಸ್ಪಷ್ಟ: ಆಟದಿಂದ ಓದು ಹಾಳಾಗುತ್ತದೆಂಬ ನಮ್ಮ ಭಯಕ್ಕೆ ಆಧಾರವಿಲ್ಲ. ಆಟದ ಪೀರಿಯಡ್ಡನ್ನು ಕಿತ್ತುಕೊಂಡು ನಾವು ಗಳಿಸುವುದು ಏನೂ ಇಲ್ಲ, ಕಳೆದುಕೊಳ್ಳುವುದು ಬಹಳಷ್ಟಿದೆ.

ವ್ಯಾಯಾಮವೊಂದೇ ಸಾಲದೆಂಬುದೂ ನೆನಪಿರಲಿ. ನಿದ್ದೆಗೆಟ್ಟ ಮಗುವಿಗೆ, ತಿಂಡಿ ತಿನ್ನದೆ ಬಂದ ಮಗುವಿಗೆ ಮೈದಾನವೂ ಶಿಕ್ಷೆಯಾದೀತು. ರಕ್ತಹೀನತೆ, ಉಬ್ಬಸ, ಹೃದಯದ ತೊಂದರೆಯಿರುವ ಮಕ್ಕಳನ್ನು ವೈದ್ಯರಿಗೆ ತೋರಿಸಿ ಅವರ ಸಲಹೆಯಂತೆ ಆಡಿಸಬೇಕು.

ನಮ್ಮ ಶಾಲೆಗಳೆಡೆಗೆ ಒಂದು ನೋಟ

ವೇಳಾಪಟ್ಟಿಯಲ್ಲಿ ಪಿ.ಟಿ. ಎಂದು ಬರೆದಿರುತ್ತದೆ. ಆ ಹೊತ್ತಿಗೆ ಪಾಠ ಮುಗಿಯದ ಅಧ್ಯಾಪಕರು ತರಗತಿಗೆ ಬರುತ್ತಾರೆ. ಎಸ್ಸೆಸ್ಸೆಲ್ಸಿ ವರ್ಷವಂತೂ ಕೇಳುವುದೇ ಬೇಡ. ಜೂನ್‌ನಲ್ಲೇ ಆಟಕ್ಕೆ ಬೀಗ. ಲೆಕ್ಕ ತಪ್ಪಿದ ಮಗುವಿಗೆ ಕೊಡುವ ಶಿಕ್ಷೆಯೂ ಆಟಕ್ಕೆ ಬಿಡದಿರುವುದೇ. ಯಾವ ಮಗುವಿಗೆ ಗಮನದ ಕೊರತೆಯಿದೆಯೋ, ಯಾವ ಮಗುವಿಗೆ ಓಟದ ಅಗತ್ಯ ಎಲ್ಲರಿಗಿಂತ ಹೆಚ್ಚೋ ಅದೇ ಮಗುವಿನಿಂದ ನಾವು ಅದನ್ನು ಕಸಿದುಕೊಳ್ಳುತ್ತೇವೆ. ನಾರ್ವೆಯ ಫಲಿತಾಂಶವನ್ನು ಇನ್ನೊಮ್ಮೆ ನೆನಪಿಸಿಕೊಳ್ಳಿ. ಇದಕ್ಕಿಂತ ದೊಡ್ಡ ವಿಪರ್ಯಾಸ ಬೇರೆ ಬೇಕೇ?

2009ರ ಶಿಕ್ಷಣ ಹಕ್ಕು ಕಾಯ್ದೆಯು ಶಾಲೆಗೆ ಆಟದ ಮೈದಾನ ಮತ್ತು ಕ್ರೀಡಾ ಸಾಮಗ್ರಿ ಇರಬೇಕೆಂದು ತನ್ನ ಅನುಸೂಚಿಯಲ್ಲಿ ಹೇಳಿದೆ. ಆರರಿಂದ ಎಂಟನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಾದರೂ ಬೇಕೆಂದು ವಿಧಿಸಿದೆ. ಪಠ್ಯ ಮತ್ತು ಪಠ್ಯೇತರ ಎಂಬ ಗೋಡೆ ಬೇಡವೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳಿತು. ಕಾಗದದ ಮೇಲೆ ಎಲ್ಲವೂ ಇದೆ. ಸರಕಾರಿ ಶಾಲೆಗಳ ಮೈದಾನಗಳನ್ನು ಉಳಿಸುವ, ದೈಹಿಕ ಶಿಕ್ಷಕರ ಖಾಲಿ ಹುದ್ದೆಗಳನ್ನು ತುಂಬುವ ಹೊಣೆಯಿಂದ ಯಾವ ಸರಕಾರವೂ ನುಣುಚಿಕೊಳ್ಳಬಾರದು. ಜನಪ್ರತಿನಿಧಿಗಳು ಮತ ಕೇಳಲು ಬಂದಾಗ ರಸ್ತೆ, ಚರಂಡಿಯ ಜೊತೆಗೆ ಮಕ್ಕಳ ಮೈದಾನವನ್ನೂ ನಾವು ಕೇಳಬೇಕು.

ಆದರೆ ಸರಕಾರದತ್ತ ಬೆರಳು ತೋರಿಸುವಾಗ ನಮ್ಮ ಅಂಗಳವನ್ನೂ ನೋಡಿಕೊಳ್ಳೋಣ. 2014ರಲ್ಲಿ ಸುಪ್ರೀಮ್ ಕೋರ್ಟಿನ ಸಂವಿಧಾನ ಪೀಠವು ಈ ಕಾಯ್ದೆ ಅಲ್ಪಸಂಖ್ಯಾತ ವಿದ್ಯಾಸಂಸ್ಥೆಗಳಿಗೆ ಅನ್ವಯಿಸದೆಂದು ತೀರ್ಪಿತ್ತಿತು. 2025ರಲ್ಲಿ ಅದೇ ನ್ಯಾಯಾಲಯದ ಇಬ್ಬರು ನ್ಯಾಯಾಧೀಶರ ಪೀಠ ಆ ತೀರ್ಪಿನ ಬಗ್ಗೆ ಸಂಶಯ ವ್ಯಕ್ತಪಡಿಸಿತು. ನ್ಯಾಯಾಲಯ ಏನೇ ಹೇಳಲಿ, ಸಂಸ್ಥೆಯನ್ನು ನಡೆಸುವ ಹಕ್ಕು ನಮ್ಮದೆಂದು ವಾದಿಸುವ ನಾವು ಮಗುವಿಗೆ ಓಡಲು ಜಾಗ ಕೊಡದಿರುವುದನ್ನು ಹಕ್ಕೆಂದು ಕರೆಯಲಾಗದು. ಇರುವ ಅಂಗಳದಲ್ಲಿ ಹೊಸ ಕಟ್ಟಡದ ಅಡಿಗಲ್ಲು ಹಾಕುವ ಮುನ್ನ ಆಡಳಿತ ಸಮಿತಿಗಳು ನೂರು ಬಾರಿ ಯೋಚಿಸಲಿ.

ಹೆಣ್ಣುಮಕ್ಕಳ ಪಾಲು

ಮಾತೆಯರೇ, ಇನ್ನೊಂದು ಮಾತನ್ನು ವಿಶೇಷವಾಗಿ ನಿಮ್ಮ ಮುಂದಿಡುತ್ತೇನೆ. ಹುಡುಗಿ ಆರನೆಯ, ಏಳನೆಯ ತರಗತಿಗೆ ಬರುತ್ತಲೇ "ಇನ್ನು ಆಟ ಸಾಕು" ಎಂಬ ಆಜ್ಞೆ ಬಹಳಷ್ಟು ಮನೆಗಳಲ್ಲಿ ಹೊರಡುತ್ತದೆ. ಧರ್ಮದ ಹೆಸರನ್ನು ಅದಕ್ಕೆ ಅಂಟಿಸಲಾಗುತ್ತದೆ. ಪ್ರವಾದಿ(ಸ)ಯವರು ತಮ್ಮ ಪತ್ನಿ ಆಯಿಶಾ(ರ)ರೊಂದಿಗೆ ಓಟದ ಸ್ಪರ್ಧೆ ನಡೆಸಿದ್ದರು, ಒಮ್ಮೆ ಆಯಿಶಾ(ರ) ಗೆದ್ದಿದ್ದರು ಎಂಬುದು ಹದೀಸ್ ಗ್ರಂಥಗಳಲ್ಲಿ ದಾಖಲಾಗಿದೆ. ಮರ್ಯಾದೆಯ ಚೌಕಟ್ಟು ಬೇಕೆಂಬುದು ಬೇರೆ. ಚಲನೆಯೇ ಬೇಡವೆಂಬುದು ಬೇರೆ. ಹೆಣ್ಣುಮಕ್ಕಳಿಗೆ ಪ್ರತ್ಯೇಕ ಸಮಯ, ಮರೆಯಿರುವ ಅಂಗಳ, ಮಹಿಳಾ ದೈಹಿಕ ಶಿಕ್ಷಕಿ, ಆಡಲು ಅನುಕೂಲವಾದ ಸಭ್ಯ ಉಡುಪು ಇವುಗಳ ಏರ್ಪಾಡು ಮಾಡುವುದು ಅಸಾಧ್ಯವೇನಲ್ಲ. ಹುಡುಗರಿಗಾಗಿ ಕ್ರಿಕೆಟ್ ಪಂದ್ಯಾಟಕ್ಕೆ ದೇಣಿಗೆ ಎತ್ತುವ ನಮಗೆ ಹುಡುಗಿಯರಿಗೆ ಒಂದು ಷಟ್ಲ್ ಕೋರ್ಟ್ ದುಬಾರಿಯಾಗಬಾರದು. ಹೆಣ್ಣುಮಗುವಿಗೂ ಹಿಪ್ಪೊಕ್ಯಾಂಪಸ್ ಇದೆ. ಅದಕ್ಕೂ ರಕ್ತ ಹರಿಯಬೇಕು.

ಮಾಡಬಹುದಾದದ್ದು

ಇವುಗಳಿಗೆ ಹೆಚ್ಚು ಹಣ ಬೇಕಾಗಿಲ್ಲ. ಮೊದಲನೆಯದಾಗಿ, ಪಿ.ಟಿ. ಪೀರಿಯಡ್ಡನ್ನು ಬೇರೆ ವಿಷಯಕ್ಕೆ ಕೊಡುವುದಿಲ್ಲವೆಂದು, ಆಟ ತಪ್ಪಿಸುವುದನ್ನು ಶಿಕ್ಷೆಯಾಗಿ ಬಳಸುವುದಿಲ್ಲವೆಂದು ಆಡಳಿತ ಸಮಿತಿ ಲಿಖಿತ ನಿರ್ಣಯ ಕೈಗೊಳ್ಳಲಿ. ಎಸ್ಸೆಸ್ಸೆಲ್ಸಿಗೂ ಇದು ಅನ್ವಯವಾಗಲಿ. ಎರಡನೆಯದಾಗಿ, ಎರಡು ಪೀರಿಯಡ್‌ಗಳ ನಡುವೆ ಐದು ನಿಮಿಷ ಮಕ್ಕಳನ್ನು ಎಬ್ಬಿಸಿ ನಿಂತಲ್ಲೇ ಜಿಗಿಸುವುದನ್ನು ಅಧ್ಯಾಪಕರು ರೂಢಿಸಿಕೊಳ್ಳಲಿ. ಮೂರನೆಯದಾಗಿ, ಕಿಲೋಮೀಟರಿನೊಳಗೆ ಮನೆಯಿರುವ ಮಕ್ಕಳು ಸುರಕ್ಷಿತ ದಾರಿಯಿದ್ದರೆ ಗುಂಪಾಗಿ ನಡೆದೇ ಶಾಲೆಗೆ ಬರಲಿ. ನಾಲ್ಕನೆಯದಾಗಿ, ಮದ್ರಸದ ಉಸ್ತಾದರು ಹಾಗೂ ಹಿಫ್ಝ್ ತರಗತಿಗಳ ಹೊಣೆಗಾರರು ದೀರ್ಘ ಕಂಠಪಾಠದ ನಡುವೆ ಚಲನೆಗೆ ಅವಕಾಶ ಮಾಡಿಕೊಡಲಿ. ನೆನಪಿನ ಶಕ್ತಿಯೇ ಬಂಡವಾಳವಾಗಿರುವ ಅಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು.

ಐದನೆಯದು ಮನೆಗೆ ಸೇರಿದ್ದು. ಅಸರ್‌ನಿಂದ ಮಗ್ರಿಬ್‌ವರೆಗಿನ ಹೊತ್ತನ್ನು ಮಕ್ಕಳಿಗೆ ಮರಳಿಸಿ. ಟ್ಯೂಷನ್ನಿನ ವೇಳೆಯನ್ನು ಬದಲಾಯಿಸಿ. ಅಂಗಳವಿಲ್ಲದಿದ್ದರೆ ತಡೆಗೋಡೆಯಿರುವ ತಾರಸಿಯಲ್ಲಿ ಹಗ್ಗ ಹಿಡಿದು ಜಿಗಿಯಲಿ. ಸಾಧ್ಯವಾದರೆ ನೀವೂ ಜೊತೆಗೂಡಿ. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಒಂದು ವರ್ಷ ವಾರಕ್ಕೆ ಮೂರು ದಿನ ಬಿರುಸಾಗಿ ನಡೆದ ಹಿರಿಯರ ಹಿಪ್ಪೊಕ್ಯಾಂಪಸ್ ಕೂಡ ಶೇ. 2ರಷ್ಟು ಬೆಳೆದಿತ್ತು. ಮರೆವಿನ ಬಗ್ಗೆ ದೂರುವ ತಂದೆತಾಯಂದಿರಿಗೂ ಇಲ್ಲೊಂದು ಶುಭವಾರ್ತೆಯಿದೆ.

ಬಂಧುಗಳೇ, ಪರೀಕ್ಷೆಯ ಮುನ್ನಾದಿನ ನೆನಪಿನ ಶಕ್ತಿ ಹೆಚ್ಚಿಸುವ ಟಾನಿಕ್ ಯಾವುದೆಂದು ಔಷಧದ ಅಂಗಡಿಯಲ್ಲಿ ವಿಚಾರಿಸುವವರು ನಮ್ಮಲ್ಲಿದ್ದಾರೆ. ಹಣ ಕೊಡದೆ ದೊರೆಯುವ ಉಪಾಯವು ಮಗುವಿನ ಕಾಲುಗಳಲ್ಲೇ ಇದೆ. ಅಂಕಪಟ್ಟಿಗೆ ಸಹಿ ಹಾಕುವ ಮುನ್ನ "ಈ ವಾರ ಎಷ್ಟು ದಿನ ಆಡಿದೆ?" ಎಂದು ಮಗುವನ್ನೊಮ್ಮೆ ಕೇಳಿ. ಉತ್ತರ ಸೊನ್ನೆಯಾದರೆ, ಆ ಸೊನ್ನೆ ಮಗುವಿನದ್ದಲ್ಲ, ನಮ್ಮದು.